ಟ್ರಾಫಿಕ್ ಸ್ಕೂಲ್ ಮಾಡಿದರೆ ಟಿಕೆಟ್ ಹೋಗುತ್ತಾ, ಪಾಯಿಂಟ್ ಹೋಗುತ್ತಾ?

ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ ಒಬ್ಬ ಓದುಗರು ಬರೆದ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇನೆ.

"ಸರ್, ನಮಸ್ಕಾರ. ನಮ್ಮೂರು ಶಿವಮೊಗ್ಗ. ಇಲ್ಲಿಗೆ ಬಂದು ಏಳು ವರ್ಷ ಆಯಿತು. ಮೂರು ವಾರದ ಹಿಂದೆ ಮಗಳನ್ನು ಡೇಕೇರ್‌ನಿಂದ ಕರೆತರಲು ಹೋಗುವಾಗ 280 ಹೈವೇಯಲ್ಲಿ ಪ್ಯಾಟ್ರೋಲ್ ಪೊಲೀಸರು ನಿಲ್ಲಿಸಿದರು. ಆರು ಗಂಟೆ ಮೀರಿದರೆ ಡೇಕೇರ್‌ನವರು ನಿಮಿಷಕ್ಕೆ ಒಂದು ಡಾಲರ್ ಲೇಟ್ ಫೀ ಹಾಕುತ್ತಾರೆ, ಆ ಗಡಿಬಿಡಿಯಲ್ಲಿದ್ದೆ. 65 ಮೈಲಿ ಮಿತಿಯ ರಸ್ತೆಯಲ್ಲಿ 82 ಅಂತ ಟಿಕೆಟ್ (ದಂಡದ ಚೀಟಿ) ಬರೆದಿದ್ದಾರೆ. ಇದೇ ನನ್ನ ಮೊದಲ ಟಿಕೆಟ್. ಸೈನ್ ಮಾಡಿ ಅಂದರು, ಮಾಡಿಬಿಟ್ಟೆ. ತಪ್ಪು ಒಪ್ಪಿಕೊಂಡ ಹಾಗಾಯಿತಾ? ಟ್ರಾಫಿಕ್ ಸ್ಕೂಲ್ ಮಾಡಿದರೆ ಟಿಕೆಟ್ಟೇ ಕ್ಯಾನ್ಸಲ್, ಫೈನೂ ಕಟ್ಟಬೇಕಿಲ್ಲ ಅಂತ ಸ್ನೇಹಿತೆ ಹೇಳಿದಳು. ನಮ್ಮನೆಯವರು ಹೋದ ವರ್ಷ ಟ್ರಾಫಿಕ್ ಸ್ಕೂಲ್ ಮಾಡಿದ್ದಾರೆ, ಹಾಗಾಗಿ ನನಗೆ ಸಿಗಲ್ಲ ಅಂತ ಇನ್ನೊಬ್ಬರು ಹೇಳುತ್ತಾರೆ. ನಮ್ಮ ಕಾರು ಬೂದು ಬಣ್ಣದ್ದು, ಟಿಕೆಟ್‌ನಲ್ಲಿ ನೀಲಿ ಅಂತಿದೆ, ಅದನ್ನೇ ಹಿಡಿದು ಫೈಟ್ ಮಾಡಿ ಅಂತ ಆಫೀಸಿನವರ ಸಲಹೆ. ಬೆಂಗಳೂರಿನಲ್ಲಿರುವ ಅಣ್ಣ, ಸ್ವಲ್ಪ ದಿನ ಸುಮ್ನಿರು, ಅರ್ಧ ರಿಯಾಯಿತಿ ಬರುತ್ತೆ ಅಂತಾನೆ. ಎರಡು ತಿಂಗಳ ಹಿಂದೆ ಮನೆ ಬದಲಾಯಿಸಿದ್ದೇವೆ, ಕೋರ್ಟ್‌ನಿಂದ ಇನ್ನೂ ಏನೂ ಬಂದಿಲ್ಲ. ನಾವು ಎಚ್-1ಬಿಯಲ್ಲಿದ್ದೇವೆ, ಗ್ರೀನ್ ಕಾರ್ಡ್ ಫೈಲ್ ನಡೀತಿದೆ. ರಾತ್ರಿ ನಿದ್ದೆ ಬರುತ್ತಿಲ್ಲ."

ನಮಸ್ಕಾರ. ಮೊದಲು ಧೈರ್ಯ ತಂದುಕೊಳ್ಳಿ. ನೀವು ಬರೆದಿದ್ದರಲ್ಲಿ ಸರಿಪಡಿಸಲಾಗದ್ದು ಒಂದೂ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಇವತ್ತೇ ಕೈ ಹಾಕಬೇಕು, ಅದು ಆ ಮನೆ ಬದಲಾಯಿಸಿದ ವಿಷಯ. ಅದಕ್ಕೆ ಬರುತ್ತೇನೆ.

ನಾನು ಬೇ ಏರಿಯಾದಲ್ಲಿ ಇಪ್ಪತ್ತು ವರ್ಷ ಕಾರ್ ಇನ್ಶೂರೆನ್ಸ್ ಏಜೆಂಟ್ ಕೆಲಸ ಮಾಡಿದವನು. ಅದರಲ್ಲಿ ಆರು ವರ್ಷ ಶನಿವಾರಗಳಂದು ಟ್ರಾಫಿಕ್ ಸ್ಕೂಲಿನ ಕ್ಲಾಸನ್ನೂ ತೆಗೆದುಕೊಳ್ಳುತ್ತಿದ್ದೆ. ವಕೀಲನಲ್ಲ. ಟಿಕೆಟ್ ಹಿಡಿದು ಬಂದವರನ್ನು ಮಾತ್ರ ಕೋರ್ಟಿನ ಕಡೆಯಿಂದಲೂ ನೋಡಿದ್ದೇನೆ, ಇನ್ಶೂರೆನ್ಸ್ ಕಡೆಯಿಂದಲೂ ನೋಡಿದ್ದೇನೆ. ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆ ಇವೆ, ಆದರೆ ಒಳಗಿರುವ ಭಯ ಒಂದೇ. ಈ ಒಂದು ಕಾಗದ ಮುಂದೆ ಯಾರ್ಯಾರ ಕಣ್ಣಿಗೆ ಬೀಳುತ್ತೆ ಅನ್ನೋದು. ಟ್ರಾಫಿಕ್ ಸ್ಕೂಲ್ ಅಂದರೆ ಏನು ಅನ್ನೋದಕ್ಕೆ ಉತ್ತರವೂ ಅದರಲ್ಲೇ ಇದೆ.

ಟ್ರಾಫಿಕ್ ಸ್ಕೂಲ್, ಅಂದರೆ ಟಿಕೆಟ್ ಸಿಕ್ಕವರು ಮಾಡುವ ರಸ್ತೆ ನಿಯಮಗಳ ಕೋರ್ಸ್, ಕ್ಯಾಲಿಫೋರ್ನಿಯಾದಲ್ಲಿ ಟಿಕೆಟ್ಟನ್ನು ಅಳಿಸುವುದಿಲ್ಲ. ಒಂದು ಪರದೆ ಎಳೆಯುತ್ತದೆ. ಪರದೆಯ ಆ ಕಡೆ ಇನ್ಶೂರೆನ್ಸ್ ಕಂಪನಿ ನಿಂತಿರುತ್ತದೆ, ಅದಕ್ಕೆ ಕಾಣುವುದಿಲ್ಲ. ಈ ಕಡೆ ಕೋರ್ಟ್ ಮತ್ತು ಡಿಎಂವಿ (ಲೈಸೆನ್ಸ್ ಕೊಡುವ ಇಲಾಖೆ, ನಮ್ಮ ಆರ್‌ಟಿಒ ಇದ್ದ ಹಾಗೆ) ಇರುತ್ತವೆ, ಅವಕ್ಕೆ ಎಲ್ಲ ಕಾಣುತ್ತದೆ. ನಿಮ್ಮ ಸ್ನೇಹಿತೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳೆಯ ಕಾಲದ ಮಾತು. 2011ರ ಜುಲೈ 1ಕ್ಕೆ ಮೊದಲು ಸ್ಕೂಲ್ ಮುಗಿಸಿದರೆ ಕೇಸೇ ವಜಾ ಆಗುತ್ತಿತ್ತು. ಆಮೇಲೆ ಕಾನೂನು ಬದಲಾಯಿತು. ಈಗ ಕನ್ವಿಕ್ಷನ್, ಅಂದರೆ ತಪ್ಪು ಮಾಡಿದ್ದಾರೆ ಅನ್ನುವ ತೀರ್ಮಾನ, ದಾಖಲೆಯಲ್ಲಿ ಉಳಿಯುತ್ತದೆ, ಆದರೆ ಡಿಎಂವಿ ಅದನ್ನು ಗೋಪ್ಯ ಅಂತ ಗುರುತು ಹಾಕಿ ಇಡುತ್ತದೆ, ಪಾಯಿಂಟ್, ಅಂದರೆ ಚಾಲಕರ ತಪ್ಪಿಗೆ ಲೆಕ್ಕ ಇಡುವ ಅಂಕ, ಹಾಕುವುದಿಲ್ಲ. ಫೈನ್ ವಿಷಯವಂತೂ ಅವರು ಹೇಳಿದ್ದಕ್ಕೆ ಉಲ್ಟಾ. ಸ್ಕೂಲ್ ಬೇಕು ಅಂದವರು ಫೈನ್ ಪೂರ್ತಿ ಕಟ್ಟಬೇಕು, ಅದರ ಮೇಲೆ ಕೋರ್ಟಿಗೆ ಒಂದು ಫೀ, ಆಮೇಲೆ ಸ್ಕೂಲಿಗೆ ಬೇರೆ ಫೀ.

ಲೆಕ್ಕ ಹಾಕೋಣ. 65ರಲ್ಲಿ 82 ಅಂದರೆ 17 ಮೈಲಿ ಹೆಚ್ಚು. 16ರಿಂದ 25 ಮೈಲಿ ಹೆಚ್ಚಿದ್ದರೆ ಮೂಲ ದಂಡ ಬರೀ 70 ಡಾಲರ್. ಅದಕ್ಕೆ ರಾಜ್ಯದ ಪಾಲು, ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಪಾಲು, ಕೋರ್ಟ್ ಕಟ್ಟಡದ ನಿಧಿ, ತುರ್ತು ವೈದ್ಯಕೀಯ ಸೇವೆಯ ನಿಧಿ ಅಂತ ಒಂದೊಂದೇ ಸೇರಿ 370ರ ಹತ್ತಿರಕ್ಕೆ ಬರುತ್ತದೆ. ನೋಟಿಸ್ ನೋಡಿದಾಗ ಗಾಬರಿಯಾಗಬೇಡಿ, ಎಲ್ಲರಿಗೂ ಹಾಗೇ ಬರುತ್ತದೆ. ಇದರ ಮೇಲೆ ಟ್ರಾಫಿಕ್ ಸ್ಕೂಲಿಗೆ ಅಂತ ಕೋರ್ಟ್ 50 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ, ಕೌಂಟಿಯಿಂದ ಕೌಂಟಿಗೆ ವ್ಯತ್ಯಾಸ ಇದೆ, ಅದು ವಾಪಸ್ ಬರುವುದಿಲ್ಲ. ಆನ್‌ಲೈನ್ ಸ್ಕೂಲಿಗೆ ಇನ್ನೊಂದು 20, 30 ಡಾಲರ್. ಒಟ್ಟು 450ರ ಆಸುಪಾಸು ಅಂತ ಇಟ್ಟುಕೊಳ್ಳಿ. ನಿಮ್ಮಂತೆ ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಕೆಲಸ ಹೋಗಿ ಕೈಯಲ್ಲಿ ದುಡ್ಡಿಲ್ಲದಿದ್ದರೆ, ಕ್ಯಾಲಿಫೋರ್ನಿಯಾ ಕೋರ್ಟ್‌ಗಳ ಮೈಸೈಟೇಶನ್ಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ದಂಡ ಕಡಿಮೆ ಮಾಡಿ, ಕಂತು ಕೊಡಿ ಅಂತ ಕೇಳಬಹುದು. ಕೇಳಲು ನಾಚಿಕೆ ಪಡಬೇಡಿ, ಅದಿರುವುದೇ ಅದಕ್ಕೆ.

ಇಷ್ಟು ದುಡ್ಡು ಸುರಿದು ಬರೀ ಒಂದು ಪಾಯಿಂಟ್ ಮುಚ್ಚಿಡೋದಾ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಒಂದು ಪಾಯಿಂಟ್‌ನ ಬೆಲೆ ಗೊತ್ತಿದ್ದರೆ ತಾನೇ ತೀರ್ಮಾನ ಮಾಡಲು ಆಗೋದು.

ಸಾಮಾನ್ಯ ಸ್ಪೀಡಿಂಗ್, ಸ್ಟಾಪ್ ಸೈನ್, ಕೆಂಪು ದೀಪ, ಇವೆಲ್ಲ ಒಂದು ಪಾಯಿಂಟ್. ಕುಡಿದು ಓಡಿಸುವುದು, ಅಪಘಾತ ಮಾಡಿ ಓಡಿಹೋಗುವುದು, ಮನಬಂದಂತೆ ಓಡಿಸುವುದು, 100 ಮೈಲಿ ದಾಟುವುದು, ಇವು ಎರಡು ಪಾಯಿಂಟ್. ನಿಮ್ಮ ತಪ್ಪಿನಿಂದ ಆದ ಅಪಘಾತಕ್ಕೂ ಒಂದು ಪಾಯಿಂಟ್ ಇದೆ, ಅದಕ್ಕೆ ಸ್ಕೂಲ್ ಮದ್ದಲ್ಲ. ಒಂದು ಪಾಯಿಂಟ್‌ನ ಟಿಕೆಟ್ ಮೂರು ವರ್ಷ ದಾಖಲೆಯಲ್ಲಿ ಕಾಣುತ್ತದೆ. 12 ತಿಂಗಳಲ್ಲಿ 4, 24 ತಿಂಗಳಲ್ಲಿ 6, 36 ತಿಂಗಳಲ್ಲಿ 8, ಈ ಲೆಕ್ಕ ಮುಟ್ಟಿದರೆ ಡಿಎಂವಿ ನಿಮ್ಮನ್ನು ಅಜಾಗರೂಕ ಚಾಲಕರು ಅಂತ ತೀರ್ಮಾನಿಸಿ ಲೈಸೆನ್ಸ್ ಅಮಾನತು ಮಾಡುವ ದಾರಿ ಹಿಡಿಯುತ್ತದೆ. ಅದಕ್ಕೂ ಮೊದಲೇ ಎಚ್ಚರಿಕೆಯ ಪತ್ರ ಬರುತ್ತದೆ, ವರ್ಷದೊಳಗೆ ಎರಡು ಪಾಯಿಂಟ್ ಆದಾಗಲೇ ಮೊದಲನೆಯದು. ನಿಮ್ಮದು ಸೊನ್ನೆಯಿಂದ ಒಂದಕ್ಕೆ ಹೋಗುವ ಪ್ರಶ್ನೆ. ಲೈಸೆನ್ಸಿಗೆ ಕುತ್ತು ಬರುವ ಮಾತೇ ಇಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. 1988ರಲ್ಲಿ ಇಲ್ಲಿಯ ಮತದಾರರು ಪ್ರೊಪೊಸಿಷನ್ 103 ಅನ್ನುವ ಕಾನೂನು ತಂದರು. ಅದರ ಪ್ರಕಾರ ಮೂರು ವರ್ಷದಿಂದ ಲೈಸೆನ್ಸ್ ಇದ್ದು, ಆ ಮೂರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪಾಯಿಂಟ್ ಇಲ್ಲದವರಿಗೆ ಗುಡ್ ಡ್ರೈವರ್ ರಿಯಾಯಿತಿ ಕೊಡಲೇಬೇಕು, ಅದು ಕನಿಷ್ಠ 20 ಶೇಕಡಾ. ಗಮನಿಸಿ, ಒಂದಕ್ಕಿಂತ ಹೆಚ್ಚು ಅಂತಿದೆ. ಅಂದರೆ ಒಂದು ಪಾಯಿಂಟ್ ಬಂದ ಮಾತ್ರಕ್ಕೆ ಆ 20 ಶೇಕಡಾ ಹೋಗುವುದಿಲ್ಲ. ಹಾಗಂತ ಪ್ರೀಮಿಯಂ ಏರುವುದೇ ಇಲ್ಲ ಅಂತಲ್ಲ. ನಿಮ್ಮ ಡ್ರೈವಿಂಗ್ ದಾಖಲೆಗೆ ದರ ಕಟ್ಟುವಾಗ ಎಲ್ಲಕ್ಕಿಂತ ಹೆಚ್ಚು ತೂಕ ಇದೆ, ಒಂದೇ ಪಾಯಿಂಟ್‌ಗೂ ಕಂಪನಿ ಏರಿಸಬಹುದು, ರಿನ್ಯೂವಲ್ ಹೊತ್ತಿಗೆ ದಾಖಲೆ ತರಿಸಿ ನೋಡಿ ಏರಿಸಿದ್ದನ್ನು ನಾನೇ ಎಷ್ಟೋ ಸಲ ಗ್ರಾಹಕರಿಗೆ ಫೋನ್ ಮಾಡಿ ಹೇಳಿದ್ದೇನೆ. ಆ ಏರಿಕೆ ಒಂದು ವರ್ಷದ್ದಲ್ಲ, ಮೂರು ವರ್ಷ ಬೆನ್ನು ಹತ್ತಿ ಬರುತ್ತದೆ. ನಿಜವಾದ ಅಪಾಯ ಇರುವುದು ಎರಡನೆಯ ಪಾಯಿಂಟ್‌ನಲ್ಲಿ. ಎರಡಾದರೆ ಕಾನೂನಿನ ರಿಯಾಯಿತಿಯೇ ಕೈ ತಪ್ಪುತ್ತದೆ. ಈಗ ಮೊದಲನೆಯದನ್ನು ಮುಚ್ಚಿಟ್ಟರೆ, ನಾಳೆ ಪಾರ್ಕಿಂಗ್ ಲಾಟ್‌ನಿಂದ ಹೊರಗೆ ಬರುವಾಗ ಏನಾದರೂ ಒಂದು ತಪ್ಪಾದರೂ ನೀವು ಒಂದರಲ್ಲೇ ಇರುತ್ತೀರಿ. ನಾನು ಸ್ಕೂಲ್ ಮಾಡಿ ಅನ್ನುವುದು ಈ ಕಾರಣಕ್ಕೆ.

ಈಗ ನಿಮ್ಮ ಮನೆಯವರ ವಿಷಯ. ಅವರು ಸ್ಕೂಲ್ ಮಾಡಿದ್ದಕ್ಕೂ ನಿಮಗೂ ಸಂಬಂಧ ಇಲ್ಲ. ಈ ಅವಕಾಶ ಲೈಸೆನ್ಸ್ ಇರುವವರದ್ದು, ಕುಟುಂಬದ್ದಲ್ಲ, ಕಾರಿನದ್ದೂ ಅಲ್ಲ. 18 ತಿಂಗಳಿಗೆ ಒಬ್ಬರಿಗೆ ಒಂದೇ ಸಲ. ಎಣಿಸುವುದು ಟಿಕೆಟ್ ಸಿಕ್ಕ ದಿನದಿಂದ ಮುಂದಿನ ಟಿಕೆಟ್ ಸಿಕ್ಕ ದಿನಕ್ಕೆ. ಕೋರ್ಟ್ ದಿನಾಂಕ, ಸ್ಕೂಲ್ ಮುಗಿಸಿದ ದಿನ, ಇವು ಲೆಕ್ಕಕ್ಕಿಲ್ಲ. ಇದರಲ್ಲಿ ಬಹಳ ಜನ ಎಡವುತ್ತಾರೆ. ಹಾಗೇ ಇದನ್ನು ಮುಂಚೆಯೇ ಮಾಡಿಟ್ಟುಕೊಳ್ಳಲೂ ಆಗುವುದಿಲ್ಲ, ಹಳೆಯ ಪಾಯಿಂಟ್‌ಗಳನ್ನು ಕಳೆಯಲು ನಾವೇ ಹೋಗಿ ಸೇರಲೂ ಆಗುವುದಿಲ್ಲ. ಆ ಟಿಕೆಟ್ಟಿಗೆ ಅಂತ ಕೋರ್ಟ್ ಒಪ್ಪಬೇಕು. 55 ದಾಟಿದವರಿಗೆ ಇನ್ಶೂರೆನ್ಸ್ ರಿಯಾಯಿತಿ ಕೊಡಿಸುವ ಒಂದು ಕೋರ್ಸ್ ಇದೆ, ಅಪ್ಪ ಅಮ್ಮ ಇಲ್ಲೇ ನೆಲೆಸಿ ಕಾರು ಓಡಿಸುತ್ತಿದ್ದರೆ ಕೇಳಿರುತ್ತೀರಿ. ಅದು ಪೂರ್ತಿ ಬೇರೆ.

ನಿಮಗೆ ಅರ್ಹತೆ ಇದೆಯಾ? ಇದೆ. ಸರಿಯಾದ ಲೈಸೆನ್ಸ್, ಸ್ವಂತ ಕಾರು, ಒಂದು ಪಾಯಿಂಟ್‌ನ ತಪ್ಪು, 18 ತಿಂಗಳಲ್ಲಿ ಮೊದಲನೆಯದು. ಮಿತಿಗಿಂತ 25 ಮೈಲಿಗೂ ಹೆಚ್ಚಾಗಿದ್ದರೆ ಕೌಂಟರಿನ ಗುಮಾಸ್ತರು ಕೊಡುವಂತಿಲ್ಲ, ಜಡ್ಜ್ ಮುಂದೆ ಹೋಗಿ ಕೇಳಬೇಕಿತ್ತು. ನಿಮ್ಮದು 17. ಎರಡು ಪಾಯಿಂಟ್‌ನ ತಪ್ಪುಗಳಿಗೆ, ಕುಡಿತ ಅಥವಾ ಡ್ರಗ್ಸ್ ಸೇರಿದ ತಪ್ಪುಗಳಿಗೆ ಈ ಬಾಗಿಲು ಇಲ್ಲ. ದೀಪ ಕೆಟ್ಟಿದೆ, ನಂಬರ್ ಪ್ಲೇಟ್ ಸರಿಯಿಲ್ಲ ಅನ್ನುವಂಥದ್ದಕ್ಕೆ ಪಾಯಿಂಟೇ ಇಲ್ಲ, ಸ್ಕೂಲಿನ ಗೊಡವೆಯೂ ಇಲ್ಲ.

ಫೋನ್ ಟಿಕೆಟ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಈಗೀಗ ಜಾಸ್ತಿ ಬರುತ್ತಿವೆ. ಫೋನ್ ಕೈಯಲ್ಲಿ ಹಿಡಿದು ಸಿಕ್ಕಿಬಿದ್ದರೆ ಮೊದಲ ಸಲ ಪಾಯಿಂಟ್ ಇಲ್ಲ. ಮೂರು ವರ್ಷದೊಳಗೆ ಎರಡನೆಯ ಸಲ ಸಿಕ್ಕರೆ ಒಂದು ಪಾಯಿಂಟ್, 2021ರ ಜುಲೈಯಿಂದ ಈ ನಿಯಮ. ಮ್ಯಾಪ್ ನೋಡಲು ಹಿಡಿದಿದ್ದೆ ಅನ್ನುವುದು ನೆಪ ಆಗುವುದಿಲ್ಲ, 2025ರ ಜೂನ್‌ನಲ್ಲಿ ಇಲ್ಲಿಯ ಅಪೀಲು ಕೋರ್ಟ್ ಅದನ್ನೇ ಸ್ಪಷ್ಟವಾಗಿ ಹೇಳಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2025ರಲ್ಲಿ ಶುರುವಾದ ಸ್ಪೀಡ್ ಕ್ಯಾಮೆರಾಗಳ ದಂಡಕ್ಕೂ ಪಾಯಿಂಟ್ ಇಲ್ಲ. ಅದು ಬಂದರೆ ದಂಡ ಕಟ್ಟಿ ಮುಗಿಸಿ.

ಸೈನ್ ಮಾಡಿದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆ ಸಹಿಯ ಅರ್ಥ, ಇಷ್ಟನೇ ತಾರೀಕಿನೊಳಗೆ ಇದನ್ನು ಇತ್ಯರ್ಥ ಮಾಡುತ್ತೇನೆ ಅನ್ನುವ ಮಾತು, ಅಷ್ಟೇ. ತಪ್ಪೊಪ್ಪಿಗೆ ಅಲ್ಲ.

ಕಾರಿನ ಬಣ್ಣ. ಇದನ್ನು ನಾನು ನೂರು ಸಲ ಕೇಳಿದ್ದೇನೆ. ಬಣ್ಣ ತಪ್ಪು, ಹೆಸರಿನಲ್ಲಿ ಒಂದು ಅಕ್ಷರ ತಪ್ಪು, ನಮ್ಮ ಉದ್ದದ ಹೆಸರುಗಳನ್ನು ಅವರು ಬರೆಯುವ ರೀತಿ ನಿಮಗೇ ಗೊತ್ತು. ಇಂಥ ಸಣ್ಣ ತಪ್ಪಿಗೆ ಕೇಸ್ ಬಿದ್ದು ಹೋಗುವುದಿಲ್ಲ. ಆಫೀಸರ್ ತಿದ್ದುಪಡಿ ನೋಟಿಸ್ ಕಳಿಸಿ ಸರಿ ಮಾಡಬಹುದು. ಕಾರು ನಿಮ್ಮದು, ಓಡಿಸಿದ್ದು ನೀವು ಅನ್ನುವುದರಲ್ಲಿ ಅನುಮಾನ ಇಲ್ಲದಿದ್ದರೆ ಬಣ್ಣ ಹಿಡಿದುಕೊಂಡು ಏನೂ ಪ್ರಯೋಜನ ಇಲ್ಲ.

ಫೈಟ್ ಮಾಡುವ ದಾರಿ ಇದೆ, ಅದನ್ನು ಬೇಡ ಅಂತ ನಾನು ಹೇಳುವುದಿಲ್ಲ. ಅದರ ಬೆಲೆ ಗೊತ್ತಿರಲಿ. ಒಂದು, ತಪ್ಪು ಮಾಡಿಲ್ಲ ಅಂತ ಹೇಳಿ ಟ್ರಯಲ್ ಕೇಳುವುದು. ಆಫೀಸರ್ ಬರದಿದ್ದರೆ ಕೇಸ್ ಹೋಗುತ್ತೆ ಅಂತಾರೆ, ಎಷ್ಟೋ ಸಲ ಹೋಗುತ್ತದೆ ಕೂಡ. ಆದರೆ ಬರುವುದು ಅವರ ಕೆಲಸದ ಭಾಗ, ಬಂದೇ ಬರುತ್ತಾರೆ ಅಂದುಕೊಂಡು ಹೋಗಿ. ಇನ್ನೊಂದು, ಕೋರ್ಟಿಗೆ ಹೋಗದೆ ಬರವಣಿಗೆಯಲ್ಲೇ ವಾದ ಕಳಿಸುವುದು. ಟಿಆರ್-205 ಅನ್ನುವ ಫಾರ್ಮ್. ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು, ನೀವು ನಿಮ್ಮ ಮಾತು ಬರೆಯುತ್ತೀರಿ, ಆಫೀಸರ್ ಅವರದ್ದು ಬರೆಯುತ್ತಾರೆ, ಜಡ್ಜ್ ಓದಿ ತೀರ್ಪು ಕೊಡುತ್ತಾರೆ. ಗೆದ್ದರೆ ದುಡ್ಡು ವಾಪಸ್. ಸೋತರೆ 20 ದಿನದೊಳಗೆ ಹೊಸದಾಗಿ ಟ್ರಯಲ್ ಕೇಳಬಹುದು. ಇದರಲ್ಲಿರುವ ಅಪಾಯ ಏನೆಂದರೆ, ಸೋತ ಮೇಲೆ ಟ್ರಾಫಿಕ್ ಸ್ಕೂಲ್ ನಿಮ್ಮ ಕೈಯಲ್ಲಿರುವುದಿಲ್ಲ, ಜಡ್ಜ್ ಮನಸ್ಸು ಮಾಡಿದರೆ ಕೊಡುತ್ತಾರೆ. ಈಗ ಕೇಳಿದರೆ ಸಿಗುವ ವಸ್ತುವನ್ನು ಆಮೇಲೆ ಬೇಡಿ ಪಡೆಯಬೇಕು.

ನಾನು ಯಾರಿಗೆ ಫೈಟ್ ಮಾಡಿ ಅನ್ನುತ್ತೇನೆ? 18 ತಿಂಗಳ ಅವಕಾಶ ಆಗಲೇ ಬಳಸಿಬಿಟ್ಟವರಿಗೆ. ಎರಡು ಪಾಯಿಂಟ್‌ನ ಆರೋಪ ಇರುವವರಿಗೆ, ಅವರು ವಕೀಲರನ್ನೇ ಇಟ್ಟುಕೊಳ್ಳಬೇಕು. ನಿಜವಾಗಿಯೂ ತಪ್ಪು ಮಾಡದವರಿಗೆ, ಕೈಯಲ್ಲಿ ಡ್ಯಾಶ್‌ಕ್ಯಾಮ್ ವಿಡಿಯೋದಂಥ ಸಾಕ್ಷಿ ಇರುವವರಿಗೆ. ನೀವು ಪತ್ರದಲ್ಲೇ ಗಡಿಬಿಡಿಯಲ್ಲಿದ್ದೆ ಅಂತ ಬರೆದಿದ್ದೀರಿ. 82 ಹೋಗಿಲ್ಲ ಅಂತ ಎಲ್ಲೂ ಬರೆದಿಲ್ಲ.

ಅಣ್ಣ ಹೇಳಿದ್ದು ಅವರ ಊರಿನ ಮಟ್ಟಿಗೆ ಸರಿ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಇದ್ದ ದಂಡಕ್ಕೆ 50 ಶೇಕಡಾ ರಿಯಾಯಿತಿ ಕೊಟ್ಟರು, ಸರತಿಯಲ್ಲಿ ನಿಂತು ಕಟ್ಟಿದರು ಜನ. ಇಲ್ಲಿ ಅದನ್ನು ನಂಬಿ ಕೂತರೆ ಬೇರೆಯೇ ಆಗುತ್ತದೆ. ಹೇಳಿದ ತಾರೀಕು ದಾಟಿದರೆ ಕೋರ್ಟ್ 100 ಡಾಲರ್‌ವರೆಗೆ ಹೆಚ್ಚುವರಿ ಹಾಕಬಹುದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸ್ಪೀಡಿಂಗ್ ಅನ್ನುವುದು ಇನ್‌ಫ್ರಾಕ್ಷನ್, ಜೈಲಿಲ್ಲದ ಸಣ್ಣ ತಪ್ಪು. ಸಹಿ ಹಾಕಿ ಒಪ್ಪಿಕೊಂಡ ತಾರೀಕಿಗೆ ಬೇಕಂತಲೇ ಹೋಗದಿರುವುದನ್ನು ಕಾನೂನು ಮಿಸ್‌ಡಿಮೀನರ್ ಅಂತ ಕರೆಯುತ್ತದೆ, ಅದು ಅಪರಾಧದ ಸಾಲಿಗೆ ಸೇರುತ್ತದೆ. ವೀಸಾದಲ್ಲಿರುವವರು ಎಲ್ಲಕ್ಕಿಂತ ಹೆಚ್ಚು ದೂರ ಇರಬೇಕಾದ್ದು ಈ ಎರಡನೆಯದರಿಂದ. ಅದು ಇತ್ಯರ್ಥ ಆಗುವವರೆಗೆ ಟ್ರಾಫಿಕ್ ಸ್ಕೂಲ್ ಬಾಗಿಲೂ ಮುಚ್ಚುತ್ತದೆ.

ಅದಕ್ಕೇ ಮನೆ ಬದಲಾಯಿಸಿದ್ದು ಮುಖ್ಯ ಅಂದೆ. ಆಫೀಸರ್ ನಿಮ್ಮ ಲೈಸೆನ್ಸ್ ನೋಡಿ ಅದರಲ್ಲಿದ್ದ ಹಳೆಯ ವಿಳಾಸವನ್ನೇ ಬರೆದುಕೊಂಡಿರುವ ಸಾಧ್ಯತೆ ಹೆಚ್ಚು. ಕೋರ್ಟಿನ ನೋಟಿಸ್ ಹಳೆಯ ಅಪಾರ್ಟ್‌ಮೆಂಟ್‌ನ ಅಂಚೆ ಡಬ್ಬದಲ್ಲಿ ಬಿದ್ದಿರಬಹುದು. ನೋಟಿಸ್ ಬರಲಿಲ್ಲ ಅನ್ನುವ ಕಾರಣ ನಡೆಯುವುದಿಲ್ಲ, ತಾರೀಕು ಟಿಕೆಟ್ಟಿನ ಮೇಲೇ ಇರುತ್ತದೆ. ನನ್ನ ಗ್ರಾಹಕರಾಗಿದ್ದ ಒಂದು ಜೋಡಿ ಹೀಗೇ ಹಳೆಯ ವಿಳಾಸಕ್ಕೆ ಹೋದ ಪತ್ರವನ್ನು ಐದು ತಿಂಗಳ ಮೇಲೆ ನೋಡಿದರು, ಹೊಸದಾಗಿ ಬಂದ ಬಾಡಿಗೆದಾರರು ಪಾಪ ಒಂದು ಚೀಲದಲ್ಲಿ ಕೂಡಿಸಿಟ್ಟು ಕೊಟ್ಟಿದ್ದರು. ಆ ಚೀಲದಲ್ಲಿ ಕೋರ್ಟಿನ ಲಕೋಟೆಗಳು ಮೂರಿದ್ದವು. ಮೊದಲನೆಯದು ನೆನಪೋಲೆ, ಮೂರನೆಯದು ವಸೂಲಿಯವರದ್ದು. ಎಲ್ಲ ಸರಿಪಡಿಸಿಕೊಂಡರು, ಆದರೆ ಆ ಹೊತ್ತಿಗೆ ದಾಖಲೆಗೆ ಪಾಯಿಂಟ್ ಬಿದ್ದಾಗಿತ್ತು.

ಹಾಗಾಗಿ ಇವತ್ತೇ ಸಾಂಟಾ ಕ್ಲಾರಾ ಕೌಂಟಿಯ ಕೋರ್ಟಿನ ಸೈಟಿನಲ್ಲಿ ನಿಮ್ಮ ಟಿಕೆಟ್ ನಂಬರ್ ಹಾಕಿ ಹುಡುಕಿ. 280 ಬೇರೆ ಕೌಂಟಿಗಳಲ್ಲೂ ಹಾದು ಹೋಗುತ್ತದೆ, ಟಿಕೆಟ್ಟಿನ ಮೇಲೆ ಯಾವ ಕೋರ್ಟ್ ಅಂತ ಬರೆದಿದೆ ನೋಡಿಕೊಳ್ಳಿ, ಸ್ಯಾನ್ ಮಟೆಯೊ ಇದ್ದರೆ ಅಲ್ಲಿಗೆ ಹೋಗಿ. ಕೆಲವೊಮ್ಮೆ ಟಿಕೆಟ್ ಕಂಪ್ಯೂಟರ್‌ಗೆ ಹತ್ತಲು ವಾರಗಟ್ಟಲೆ ಹಿಡಿಯುತ್ತದೆ. ಇಲ್ಲ ಅಂತ ಬಂದರೆ ಬಿಟ್ಟುಬಿಡಬೇಡಿ, ವಾರಕ್ಕೊಮ್ಮೆ ನೋಡಿ, ತಾರೀಕು ಹತ್ತಿರ ಬಂದರೆ ಕೋರ್ಟಿಗೇ ಹೋಗಿ ಕೇಳಿ. ವಿಳಾಸ ಬದಲಾದರೆ 10 ದಿನದೊಳಗೆ ಡಿಎಂವಿಗೆ ತಿಳಿಸಬೇಕು, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ, ಹೊಸ ಕಾರ್ಡ್ ಬೇಕಿಲ್ಲ. ವೀಸಾದಲ್ಲಿರುವವರು ಅದೇ 10 ದಿನದೊಳಗೆ ಇಮಿಗ್ರೇಶನ್‌ನವರಿಗೂ ತಿಳಿಸಬೇಕು. ಒಂದು ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರದ್ದೂ ಮಾಡಿ.

ಇನ್ನು ಗ್ರೀನ್ ಕಾರ್ಡ್. ಕನ್ವಿಕ್ಷನ್ ಅನ್ನುವ ಪದ ಕೇಳಿದರೆ ನಮ್ಮವರಿಗೆ ಕೈಕಾಲು ತಣ್ಣಗಾಗುತ್ತದೆ. ಒಂದು ಸ್ಪೀಡಿಂಗ್ ಟಿಕೆಟ್ಟಿನಿಂದ ಫೈಲ್ ನಿಂತುಹೋಗುವ ಭಯ ಬೇಡ. ಪೌರತ್ವಕ್ಕೆ ಹಾಕುವ ಎನ್-400 ಅರ್ಜಿಯ ಸೂಚನೆಗಳಲ್ಲೇ ಇದೆ: ಬಂಧನ ಆಗಿಲ್ಲ, ಕುಡಿತ ಡ್ರಗ್ಸ್ ಇಲ್ಲ, 500 ಡಾಲರ್‌ಗಿಂತ ಕಡಿಮೆ ದಂಡ ಅಥವಾ ಪಾಯಿಂಟ್ ಅಷ್ಟೇ ಶಿಕ್ಷೆ ಅಂದರೆ ಅದಕ್ಕೆ ದಾಖಲೆ ಪತ್ರ ಲಗತ್ತಿಸಬೇಕಿಲ್ಲ. ಸರ್ಕಾರ ಇದನ್ನು ಯಾವ ತೂಕದಲ್ಲಿ ನೋಡುತ್ತದೆ ಅನ್ನುವುದಕ್ಕೆ ಅದೊಂದು ಅಂದಾಜು ಕೊಡುತ್ತದೆ. ಕುಡಿದು ಓಡಿಸಿದ್ದು ಪೂರ್ತಿ ಬೇರೆ ಲೋಕ, ಅದರಲ್ಲಿ ಬಂಧನವಾದರೆ ಸಾಕು, ತೀರ್ಪಿಗೂ ಮೊದಲೇ ವೀಸಾ ರದ್ದಾದ ಉದಾಹರಣೆಗಳಿವೆ.

ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಟ್ರಾಫಿಕ್ ಸ್ಕೂಲ್ ಎಳೆಯುವ ಪರದೆ ಇನ್ಶೂರೆನ್ಸ್ ಕಂಪನಿಗೆ ಮಾತ್ರ. ಟಿಕೆಟ್ ಬಂದೇ ಇಲ್ಲ ಅಂತ ಇಮಿಗ್ರೇಶನ್ ಫಾರ್ಮ್‌ನಲ್ಲಿ ಬರೆಯಲು ಅದು ಪರವಾನಗಿ ಅಲ್ಲ. ಫಾರ್ಮ್ ಹೇಗೆ ಕೇಳುತ್ತದೋ ಹಾಗೆ ಉತ್ತರ ಕೊಡಿ. ನಿಮ್ಮ ಇಮಿಗ್ರೇಶನ್ ವಕೀಲರಿಗೆ ಎರಡು ಸಾಲಿನ ಇಮೇಲ್ ಹಾಕಿ ಟಿಕೆಟ್ ವಿಷಯ ತಿಳಿಸಿಟ್ಟಿರಿ. ಟಿಕೆಟ್ಟಿನ ಪ್ರತಿ, ದುಡ್ಡು ಕಟ್ಟಿದ ರಸೀದಿ, ಸ್ಕೂಲ್ ಮುಗಿಸಿದ್ದಕ್ಕೆ ದಾಖಲೆ, ಮೂರನ್ನೂ ಪಾಸ್‌ಪೋರ್ಟ್ ಇಡುವ ಫೈಲಿನಲ್ಲೇ ಹಾಕಿಡಿ. ಹತ್ತು ವರ್ಷದ ಮೇಲೆ ಯಾರಾದರೂ ಕೇಳಿದರೆ ಹುಡುಕಾಡಬೇಕಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಮಾತು. ದುಡ್ಡು ಕೊಟ್ಟರೆ ನಿಮ್ಮ ಪರವಾಗಿ ಆನ್‌ಲೈನ್ ಕೋರ್ಸ್ ಕೂತು ಮುಗಿಸಿಕೊಡುತ್ತೇನೆ ಅನ್ನುವವರು ಇದ್ದಾರೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಡಬೇಡಿ. 17 ಮೈಲಿ ಜಾಸ್ತಿ ಹೋದದ್ದು ಸಣ್ಣ ತಪ್ಪು. ಕೋರ್ಟಿಗೆ ಸುಳ್ಳು ಹೇಳಿದ್ದು ಸಣ್ಣದಲ್ಲ.

ಕೆಲಸದ ಕ್ರಮ ಹೀಗೆ. ಮೊದಲು ಕೋರ್ಟಿನಲ್ಲಿ ಟ್ರಾಫಿಕ್ ಸ್ಕೂಲ್ ಬೇಕು ಅಂತ ಆರಿಸಿಕೊಂಡು ಫೈನ್ ಮತ್ತು ಕೋರ್ಟ್ ಫೀ ಎರಡೂ ಕಟ್ಟಿ. ಬರೀ ಫೈನ್ ಕಟ್ಟುವ ಬಟನ್ ಒತ್ತಿದರೆ ಕೇಸ್ ಅಲ್ಲಿಗೇ ಮುಗಿದು ಪಾಯಿಂಟ್ ಬೀಳುತ್ತದೆ, ಇದನ್ನು ನಿಧಾನಕ್ಕೆ ಓದಿ ಮಾಡಿ. ಕಟ್ಟಿದ ಮೇಲೆ ಕೋರ್ಟ್ ಒಂದು ಗಡುವು ಕೊಡುತ್ತದೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು. ಆಮೇಲೆ ಸ್ಕೂಲ್ ಆರಿಸಿ. ಕೋರ್ಟಿಗೆ ಕಟ್ಟುವ ಮೊದಲೇ ಕೋರ್ಸ್ ಮುಗಿಸಿದವರನ್ನು ನೋಡಿದ್ದೇನೆ, ಒದ್ದಾಡಿದರು. ಸ್ಕೂಲಿಗೆ ಡಿಎಂವಿ ಲೈಸೆನ್ಸ್ ಇರಬೇಕು, ಡಿಎಂವಿ ಸೈಟಿನಲ್ಲೇ ಪಟ್ಟಿ ಇದೆ. ಆ ಪಟ್ಟಿಯಲ್ಲಿರುವ ಯಾವ ಸ್ಕೂಲ್ ಮಾಡಿದರೂ ಫಲ ಒಂದೇ, ಹಾಗಾಗಿ ಅಗ್ಗದ್ದನ್ನೇ ತೆಗೆದುಕೊಳ್ಳಿ. ಸರ್ಟಿಫಿಕೇಟ್ ಬೇಗ ಕಳಿಸಲು ಇನ್ನಷ್ಟು ಡಾಲರ್ ಕೊಡಿ ಅಂದರೆ ಕೊಡಬೇಡಿ, ಮುಗಿಸಿದ ಸುದ್ದಿ ಕಂಪ್ಯೂಟರ್ ಮೂಲಕವೇ ಹೋಗುತ್ತದೆ. ಎಂಟು ಗಂಟೆಯ ಕೋರ್ಸ್ ಅಂತ ಹೆಸರು, ಆನ್‌ಲೈನ್‌ನಲ್ಲಿ ದಿನಕ್ಕೆ ಒಂದೊಂದು ಗಂಟೆ, ಮಗಳು ಮಲಗಿದ ಮೇಲೆ ಮಾಡಬಹುದು. ಕೊನೆಗೆ ಒಂದು ಪರೀಕ್ಷೆ, ಓದಿದವರಿಗೆ ಕಷ್ಟ ಇಲ್ಲ.

ಗಡುವಿನ ಕೊನೆಯ ದಿನಕ್ಕೆ ಇಡಬೇಡಿ. ಗಡುವು ತಪ್ಪಿದರೆ ಕಟ್ಟಿದ ಫೀ ಹೋಯಿತು, ಪಾಯಿಂಟೂ ಬಿತ್ತು, ಎರಡೂ ಕಡೆ ನಷ್ಟ.

ಕ್ಲಾಸಿಗೆ ಬಂದವರಿಗೆಲ್ಲ ನಾನೊಂದು ಲೆಕ್ಕ ಬೋರ್ಡಿನ ಮೇಲೆ ಬರೆಸುತ್ತಿದ್ದೆ, ನಮ್ಮ ಸಾಫ್ಟ್‌ವೇರ್ ಹುಡುಗರು ಅದನ್ನು ತಲೆಯಲ್ಲೇ ಮಾಡಿಬಿಡುತ್ತಿದ್ದರು. ನಿಮ್ಮದನ್ನೇ ಹಾಕುತ್ತೇನೆ. ಡೇಕೇರ್ 12 ಮೈಲಿ ಅಂತ ಇಟ್ಟುಕೊಳ್ಳಿ. 65ರಲ್ಲಿ ಹೋದರೆ 11 ನಿಮಿಷ, 82ರಲ್ಲಿ ಹೋದರೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ. ಉಳಿಯುವುದು ಎರಡು ಕಾಲು ನಿಮಿಷ, ಡೇಕೇರ್ ಲೆಕ್ಕದಲ್ಲಿ ಎರಡು ಮೂರು ಡಾಲರ್. 82ರಲ್ಲಿ ಕಾರು ಸೆಕೆಂಡಿಗೆ 120 ಅಡಿ ಹೋಗುತ್ತದೆ, 65ರಲ್ಲಿ 95. ಮುಂದಿನ ಕಾರಿನ ಕೆಂಪು ದೀಪ ಕಂಡು ನಿಮ್ಮ ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ ಸುಮಾರು 37 ಅಡಿ ವ್ಯತ್ಯಾಸ, ಎರಡು ಕಾರಿನ ಉದ್ದಕ್ಕಿಂತ ಜಾಸ್ತಿ. ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ನನ್ನ ಮಕ್ಕಳು ಚಿಕ್ಕವರಿದ್ದಾಗ ನಾನೂ ಆರು ಗಂಟೆಯ ಬಾಗಿಲಿಗೆ ಓಡಿದವನೇ. ಡೇಕೇರ್‌ನವರಿಗೆ ಫೋನ್ ಮಾಡಿ ಹತ್ತು ನಿಮಿಷ ತಡ ಆಗುತ್ತೆ ಅಂತ ಹೇಳುವುದನ್ನು ಕಲಿತ ಮೇಲೆ ಆ ಓಟ ನಿಂತಿತು.

ಬೇರೆ ರಾಜ್ಯದಲ್ಲಿರುವ ಓದುಗರಿಗೆ: ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ಟೆಕ್ಸಾಸ್‌ನಲ್ಲಿ ಡಿಫೆನ್ಸಿವ್ ಡ್ರೈವಿಂಗ್ ಕೋರ್ಸ್ ಮುಗಿಸಿದರೆ ಟಿಕೆಟ್ಟೇ ವಜಾ ಆಗುತ್ತದೆ, ವರ್ಷಕ್ಕೆ ಒಂದು ಸಲ. ನ್ಯೂಯಾರ್ಕಿನ ಕೋರ್ಸ್ ನಿಮ್ಮ ಒಟ್ಟು ಲೆಕ್ಕದಿಂದ ನಾಲ್ಕು ಪಾಯಿಂಟ್‌ವರೆಗೆ ಕಡಿಮೆ ಎಣಿಸಿ, ಇನ್ಶೂರೆನ್ಸಿನಲ್ಲೂ ಮೂರು ವರ್ಷ ರಿಯಾಯಿತಿ ಕೊಡಿಸುತ್ತದೆ, ಕನ್ವಿಕ್ಷನ್ ಮಾತ್ರ ಅಲ್ಲೇ ಇರುತ್ತದೆ. ನ್ಯೂಜೆರ್ಸಿಯಲ್ಲಿ ಐದು ವರ್ಷಕ್ಕೊಮ್ಮೆ ಎರಡು ಪಾಯಿಂಟ್ ಕಳೆಯುತ್ತಾರೆ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿರುವ ಭಾವ ಹೇಳಿದ್ದು ಇಲ್ಲಿಯ ಫ್ರೀಮಾಂಟ್‌ನಲ್ಲಿ ನಡೆಯದಿರುವುದು ಇದಕ್ಕೇ.

ಕೊನೆಯ ಒಂದು ಕೆಲಸ. ಸ್ಕೂಲ್ ಮುಗಿಸಿದ ಎರಡು ವಾರಕ್ಕೆ ಕೋರ್ಟ್ ಸೈಟಿನಲ್ಲಿ ಕೇಸ್ ಮುಗಿದಿದೆಯಾ ನೋಡಿ. ಇನ್ನೊಂದು ತಿಂಗಳಿಗೆ ಡಿಎಂವಿಯಿಂದ ನಿಮ್ಮ ಸ್ವಂತ ಡ್ರೈವಿಂಗ್ ದಾಖಲೆ ತರಿಸಿ, ಆನ್‌ಲೈನ್‌ನಲ್ಲಿ ಎರಡು ಡಾಲರ್. ಅದರಲ್ಲಿ ಪಾಯಿಂಟ್ ಕಂಡರೆ ರಸೀದಿ ಹಿಡಿದು ಕೋರ್ಟಿಗೆ ಹೋಗಿ, ಇನ್ಶೂರೆನ್ಸ್ ರಿನ್ಯೂವಲ್‌ಗೆ ಮೊದಲು ಸರಿಪಡಿಸಿಕೊಳ್ಳಬಹುದು.

ಪತ್ರದಲ್ಲಿ ಎಲ್ಲ ಬರೆದಿದ್ದೀರಿ, ಟಿಕೆಟ್ಟಿನ ಕೆಳಗೆ ಸಹಿಯ ಹತ್ತಿರ ಇರುವ ತಾರೀಕು ಒಂದನ್ನು ಬಿಟ್ಟು. ಇದನ್ನು ಓದಿದ ಕೂಡಲೇ ಹೋಗಿ ಆ ಕಾಗದ ತೆಗೆದು ನೋಡಿ.